ಸ್ಪ್ರೇಯೋ, ಮಾತ್ರೆಯೋ, ಕರಗುವ ಬಿಲ್ಲೆಯೋ: ಡಯಾಬಿಟಿಸ್ ಇನ್ಸಿಪಿಡಸ್ ಇರುವ ಕೊಡಗಿನವರಿಗೊಂದು ಹೋಲಿಕೆ

ಅತಿಯಾಗಿ ಮೂತ್ರ ಹೋಗಿ ಬಾಯಾರಿಸುವ ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಕಾಯಿಲೆ ಇದೆಯೆಂದು ಪತ್ತೆಯಾಗಿ, ಡೆಸ್ಮೋಪ್ರೆಸಿನ್ ಎಂಬ ಔಷಧ ಬೇಕಾಗುತ್ತದೆಂದು ವೈದ್ಯರು ಹೇಳಿದ ಮೇಲೆ ಕೊಡಗಿನ ಓದುಗರಿಂದ ಬರುವ ಪ್ರಶ್ನೆಗಳು ಬಹುತೇಕ ಒಂದೇ ಜಾಡಿನವು. ಮೂಗಿಗೆ ಬಿಡುವ ಸ್ಪ್ರೇ ಒಳ್ಳೆಯದೋ, ನುಂಗುವ ಮಾತ್ರೆಯೋ, ನಾಲಗೆಯ ಕೆಳಗಿಟ್ಟರೆ ಕರಗುವ ಬಿಲ್ಲೆಯೋ, ಅಥವಾ ಔಷಧವೇ ಬೇಡವೆಂದು ನೀರು ಕುಡಿದುಕೊಂಡೇ ಇರಬಹುದೋ? ಮೈಸೂರಿಗೋ ಮಂಗಳೂರಿಗೋ ಹೋಗಿ ಹಾರ್ಮೋನು ತಜ್ಞರನ್ನು ಕಾಣುವ ಸ್ವಲ್ಪ ಹೊತ್ತಿನಲ್ಲಿ ಇದನ್ನೆಲ್ಲ ಕೇಳಲು ಆಗುವುದಿಲ್ಲ. ಸಂಶಯಗಳು ಏಳುವುದು ಘಟ್ಟ ಹತ್ತಿ ಮನೆಗೆ ಬಂದ ಮೇಲೆ. ಡೋಸ್ ನಿಶ್ಚಯಿಸುವ ಕೆಲಸ ವೈದ್ಯರದೇ. ಆದರೆ ಮನೆಯಲ್ಲಿ ಫ್ರಿಜ್ ಇದೆಯೇ, ಶೌಚಾಲಯ ಎಷ್ಟು ದೂರದಲ್ಲಿದೆ, ಮಳೆಗಾಲದಲ್ಲಿ ಪೇಟೆಗೆ ಬಸ್ಸು ಬರುತ್ತದೆಯೇ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಮತ್ತು ಔಷಧದ ರೂಪವನ್ನು ಆರಿಸುವಾಗ ಈ ವಿವರಗಳಿಗೆ ಡೋಸಿನಷ್ಟೇ ತೂಕವಿದೆ.

ಕಾಯಿಲೆಯ ಬಗ್ಗೆ ಹೋಲಿಕೆಗೆ ಬೇಕಾದಷ್ಟನ್ನು ಮೊದಲು ಹೇಳಬೇಕು. ಮೆದುಳಿನ ಹೈಪೊಥಲಾಮಸ್ ಭಾಗದಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಸಂಗ್ರಹವಾಗುವ ವಾಸೊಪ್ರೆಸಿನ್ ಎಂಬ ಹಾರ್ಮೋನು, ಮೂತ್ರಪಿಂಡದಲ್ಲಿ ಸೋಸಿದ ನೀರನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಡೆಸ್ಮೋಪ್ರೆಸಿನ್ ಇದರದೇ ಕೃತಕ ರೂಪ. ಪಿಟ್ಯುಟರಿಯ ಶಸ್ತ್ರಚಿಕಿತ್ಸೆ, ಆ ಭಾಗದ ಗೆಡ್ಡೆ, ತಲೆಗೆ ಬಿದ್ದ ಪೆಟ್ಟು, ಕ್ಷಯದಿಂದ ಬಂದ ಮೆದುಳುಪೊರೆಯ ಉರಿಯೂತ ಅಥವಾ ದೇಹದ ರೋಗನಿರೋಧಕ ವ್ಯವಸ್ಥೆಯೇ ನಡೆಸಿದ ದಾಳಿ, ಇವುಗಳಲ್ಲಿ ಯಾವುದರಿಂದಾದರೂ ಈ ಹಾರ್ಮೋನು ಕಡಿಮೆಯಾದರೆ ಮೂತ್ರ ತಿಳಿನೀರಿನಂತೆ ದಿನಕ್ಕೆ 3 ಲೀಟರಿಗಿಂತ ಹೆಚ್ಚು, ಕೆಲವರಲ್ಲಿ 10 ಲೀಟರಿಗೂ ಮೀರಿ ಹೋಗುತ್ತದೆ. ನೀರು ಹೋಗಿ ಉಪ್ಪು ಉಳಿದಾಗ ರಕ್ತದ ಸೋಡಿಯಂ ಏರುತ್ತದೆ. ಬಾಯಾರಿಕೆ ಅದನ್ನು ತಡೆದು ನಿಲ್ಲಿಸಿರುತ್ತದೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಆ ಹೆಸರಿನಿಂದಲೇ ಆಸ್ಪತ್ರೆಗಳಲ್ಲಿ ಗೊಂದಲವಾಗುತ್ತಿದ್ದುದರಿಂದ 2022ರಲ್ಲಿ ತಜ್ಞರು ಇದನ್ನು ‘ಆರ್ಜಿನಿನ್ ವಾಸೊಪ್ರೆಸಿನ್ ಕೊರತೆ’ ಎಂದು ಕರೆಯಲು ಸೂಚಿಸಿದರು. ನಿಮ್ಮ ಕಡತದಲ್ಲಿ ಎರಡರಲ್ಲಿ ಯಾವ ಹೆಸರಿದ್ದರೂ ಕಾಯಿಲೆ ಒಂದೇ.

ಈ ಹೋಲಿಕೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಹಾರ್ಮೋನು ಸರಿಯಾಗಿದ್ದು ಮೂತ್ರಪಿಂಡವೇ ಅದಕ್ಕೆ ಸ್ಪಂದಿಸದಿರುವ ಬಗೆಯೊಂದಿದೆ. ಹುಟ್ಟಿನಿಂದಲೇ ಹೀಗಿರುವವರಿದ್ದಾರೆ, ಮಾನಸಿಕ ಕಾಯಿಲೆಗೆ ಲಿಥಿಯಂ ಮಾತ್ರೆಯನ್ನು ಬಹುಕಾಲ ನುಂಗಿದ ಮೇಲೆ ಹೀಗಾದವರೂ ಇದ್ದಾರೆ. ಅವರಿಗೆ ಸಾಮಾನ್ಯ ಪ್ರಮಾಣದ ಡೆಸ್ಮೋಪ್ರೆಸಿನ್ನಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಉಪ್ಪು ಕಡಿಮೆ ಮಾಡುವುದು, ಥಯಾಜೈಡ್ ಅಥವಾ ಅಮಿಲೊರೈಡ್ ಮಾತ್ರೆಗಳು ಅವರ ದಾರಿ. ಇನ್ನು ಅಭ್ಯಾಸದಿಂದಲೋ ಮನಸ್ಸಿನ ತೊಂದರೆಯಿಂದಲೋ ಅತಿಯಾಗಿ ನೀರು ಕುಡಿಯುವವರಿಗೆ ಈ ಔಷಧ ಅಪಾಯಕಾರಿ. ಆದ್ದರಿಂದ ನೀರಿಲ್ಲದೆ ಕೂರಿಸಿ ಮಾಡುವ ಪರೀಕ್ಷೆಯನ್ನೋ ಕೋಪೆಪ್ಟಿನ್ ರಕ್ತಪರೀಕ್ಷೆಯನ್ನೋ ಮುಗಿಸದೆ, ಪಕ್ಕದ ಮನೆಯವರಿಗೆ ಗುಣವಾಯಿತೆಂದು ಇದನ್ನು ಕೊಂಡು ನೋಡುವಂತಿಲ್ಲ.

ಯಾವ ಅಳತೆಗೋಲಿನಿಂದ ನೋಡಬೇಕು

ಔಷಧ ಕಡಿಮೆಯಾದರೆ ದೇಹವೇ ಕೂಗಿ ಹೇಳುತ್ತದೆ, ಹೆಚ್ಚಾದರೆ ಹೇಳುವುದಿಲ್ಲ. ಎಲ್ಲಕ್ಕಿಂತ ಮೊದಲಿನ ಅಳತೆಗೋಲು ಇದೇ ಎಂಬುದು ನನ್ನ ಎಣಿಕೆ. ಡೋಸ್ ಸಾಲದಾದಾಗ ಬಾಯಾರುತ್ತದೆ, ಮೂತ್ರಕ್ಕೆ ಓಡಬೇಕಾಗುತ್ತದೆ. ನೀರು ಕೈಗೆ ಸಿಗುತ್ತಿರುವವರೆಗೆ ಪ್ರಾಣಾಪಾಯವಿಲ್ಲ. ಡೋಸ್ ಮಿತಿ ಮೀರಿದಾಗ ಕುಡಿದ ನೀರೆಲ್ಲ ಒಳಗೇ ಉಳಿದು ರಕ್ತದ ಸೋಡಿಯಂ ಸದ್ದಿಲ್ಲದೆ ಇಳಿಯುತ್ತದೆ. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದುದು 125ಕ್ಕೆ ಬರುವ ಹೊತ್ತಿಗೆ ತಲೆನೋವು, ವಾಕರಿಕೆ, ಮಂಕುತನ ಕಾಣಿಸಿಕೊಳ್ಳಬಹುದು. ಇನ್ನೂ ಇಳಿದರೆ ಫಿಟ್ಸ್ ಬರುವುದೂ ಉಂಟು. ಹಾಗಾಗಿ ಒಂದು ರೂಪವನ್ನು ತೂಗುವಾಗ ಅದು ಎಷ್ಟು ಬಲವಾಗಿ ಮೂತ್ರ ಕಟ್ಟುತ್ತದೆ ಎನ್ನುವುದಕ್ಕಿಂತ, ಅದರ ಪ್ರಭಾವ ದಿನದಲ್ಲಿ ಯಾವಾಗ ಮುಗಿಯುತ್ತದೆಂದು ನಿಮಗೆ ಗೊತ್ತಾಗುತ್ತದೆಯೇ ಎಂದು ನೋಡಬೇಕು.

ಎರಡನೆಯದು, ಇಂದಿನ ಡೋಸೂ ನಾಳಿನ ಡೋಸೂ ಒಂದೇ ಸಮನಾಗಿ ರಕ್ತಕ್ಕೆ ಸೇರುತ್ತವೆಯೇ ಎಂಬುದು. ಮೂರನೆಯದು ಸಂಗ್ರಹಣೆ: ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರುಗಳಲ್ಲಿ, ಮರ ಬಿದ್ದು ಕರೆಂಟು ಹೋದರೆ ಬರಲು ದಿನಗಳೇ ಹಿಡಿಯುವ ತೋಟದ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಆಮೇಲೆ ಜ್ವರ, ವಾಂತಿ, ನೆಗಡಿಯ ದಿನಗಳಲ್ಲಿ ಅದನ್ನು ಬಳಸಲು ಆಗುತ್ತದೆಯೇ ಎಂಬ ಪ್ರಶ್ನೆ. ಹಣದ ಲೆಕ್ಕವನ್ನು ಕೊನೆಗೆ ನೋಡೋಣ.

ಔಷಧವಿಲ್ಲದೆ, ನೀರಿನಿಂದಲೇ

ಇದನ್ನೂ ಒಂದು ಆಯ್ಕೆಯೆಂದೇ ಎಣಿಸಬೇಕು, ಏಕೆಂದರೆ ಕೊರತೆ ಅರೆಬರೆಯಾಗಿದ್ದು ದಿನದ ಮೂತ್ರ 3–4 ಲೀಟರಿನ ಆಸುಪಾಸಿನಲ್ಲಿ ನಿಂತಿರುವ, ಬಾಯಾರಿಕೆ ಸರಿಯಾಗಿ ತಿಳಿಯುವ ವ್ಯಕ್ತಿ ಔಷಧವಿಲ್ಲದೆಯೂ ಇರಬಲ್ಲ. ಖರ್ಚಿಲ್ಲ, ಸೋಡಿಯಂ ಇಳಿಯುವ ಭಯವೂ ಇಲ್ಲ. ಊಟದಲ್ಲಿ ಉಪ್ಪು ಕಡಿಮೆಯಾದಷ್ಟೂ ಮೂತ್ರದ ಪ್ರಮಾಣ ತಗ್ಗುತ್ತದೆ, ಏಕೆಂದರೆ ಒಳಗೆ ಹೋದ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ನೀರು ಬೇಕೇ ಬೇಕು. ಮಾಂಸದಂಥ ಪ್ರೋಟೀನಿನ ಆಹಾರ ಅತಿಯಾದಾಗಲೂ ಅಷ್ಟೇ. ಒಣಮೀನು, ಉಪ್ಪಿನಕಾಯಿ, ಹಬ್ಬದ ಪಂದಿಕರಿ ಸೇರಿದ ದಿನ ಓಡಾಟ ಹೆಚ್ಚುವುದನ್ನು ಗಮನಿಸಿದವರಿಗೆ ಇದು ಹೊಸತಲ್ಲ.

ನಷ್ಟವಿರುವುದು ನಿದ್ರೆಯಲ್ಲಿ. ರಾತ್ರಿ ನಾಲ್ಕೈದು ಸಲ ಏಳುವುದು ಮಡಿಕೇರಿಯ ಫ್ಲ್ಯಾಟಿನಲ್ಲಿ ಕಿರಿಕಿರಿ ಮಾತ್ರ. ಶೌಚಾಲಯ ಮನೆಯ ಹೊರಗಿರುವ, ಆನೆಗಳು ಅಂಗಳದ ತನಕ ಬರುವ ತಿತಿಮತಿ, ಸಿದ್ದಾಪುರ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಅದು ಬೇರೆಯೇ ಮಾತು. ಅಂಥ ಮನೆಯವರಿಗೆ ಕೊರತೆ ಅಲ್ಪವಾಗಿದ್ದರೂ ಮಲಗುವ ಹೊತ್ತಿನ ಒಂದೇ ಒಂದು ಡೋಸಾದರೂ ಬೇಕೆಂದು ವೈದ್ಯರಲ್ಲಿ ಕೇಳುವುದು ನ್ಯಾಯವೇ. ಬಾಯಾರಿಕೆಯೇ ತಿಳಿಯದವರು ಮಾತ್ರ ಈ ದಾರಿ ಹಿಡಿಯಲೇಬಾರದು. ಕೆಲವರಲ್ಲಿ ಮೆದುಳಿನ ಬಾಯಾರಿಕೆಯ ಕೇಂದ್ರವೂ ಹಾಳಾಗಿರುತ್ತದೆ. ಅವರಿಗೆ ನಿಗದಿತ ಔಷಧ, ಅಳೆದ ನೀರು, ದಿನವೂ ತೂಕ ನೋಡುವ ಕ್ರಮ, ಮೂರೂ ಬೇಕು.

ಮೂಗಿನ ಸ್ಪ್ರೇ

ಒಂದು ಸಲ ಒತ್ತಿದರೆ ಸಾಮಾನ್ಯವಾಗಿ 10 ಮೈಕ್ರೋಗ್ರಾಂ ಔಷಧ ಬರುತ್ತದೆ. ಬೇಗ ಹಿಡಿಯುತ್ತದೆ, 8ರಿಂದ 12 ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಊಟದ ಸಮಯಕ್ಕೆ ಕಟ್ಟುಬೀಳುವ ಅಗತ್ಯವಿಲ್ಲ, ವಾಂತಿಯಾಗುತ್ತಿದ್ದರೂ ಬಳಸಬಹುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ತಿಂಡಿ ತಿಂದು ಕೂಡಲೇ ತೋಟಕ್ಕೆ ಇಳಿಯುವವರಿಗೆ ಇದು ನಿಜವಾದ ಅನುಕೂಲ.

ತೊಂದರೆ ಮೂಗಿನದೇ. ನೆಗಡಿ, ಸೈನಸ್, ಮೂಗಿನ ಅಲರ್ಜಿ ಇದ್ದಾಗ ಒಳಪೊರೆ ಔಷಧವನ್ನು ಎಷ್ಟು ಹೀರುತ್ತದೆಂದು ಹೇಳಲಾಗದು, ಮತ್ತು ಕೊಡಗಿನ ಮಳೆಗಾಲದಲ್ಲಿ ನೆಗಡಿಯಿಲ್ಲದ ಮನೆ ವಿರಳ. ಇನ್ನೊಂದು ಸೂಕ್ಷ್ಮವೂ ಇದೆ: ಪಿಟ್ಯುಟರಿ ಗೆಡ್ಡೆಯನ್ನು ಇತ್ತೀಚೆಗೆ ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುವುದರಿಂದ, ಯಾರಿಗೆ ಈ ಔಷಧ ಹೊಸದಾಗಿ ಬೇಕಾಗುತ್ತದೋ ಅವರ ಮೂಗೇ ಆ ಹೊತ್ತಿಗೆ ಗಾಯಗೊಂಡಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಸ್ಪ್ರೇಯ ಮೇಲೆ ನಂಬಿಕೆ ಇಡುವುದು ಕಷ್ಟ.

ಡೋಸನ್ನು ಸಣ್ಣದಾಗಿ ಹೊಂದಿಸಲೂ ಸ್ಪ್ರೇಯಲ್ಲಿ ಆಗುವುದಿಲ್ಲ; 10ಕ್ಕಿಂತ ಕಡಿಮೆ ಬೇಕಾದ ಮಕ್ಕಳಿಗೆ ಅಳತೆಯ ಗುರುತಿರುವ ಸಣ್ಣ ಕೊಳವೆಯಿಂದ ಹಾಕುವ ದ್ರಾವಣವೇ ಬೇಕು. ಹೊಸ ಬಾಟಲಿಯನ್ನು ಮೊದಲು ಗಾಳಿಯಲ್ಲಿ ಕೆಲವು ಸಲ ಒತ್ತಿ ಸಿದ್ಧಗೊಳಿಸದಿದ್ದರೆ ಮೊದಲ ಡೋಸ್ ಖಾಲಿ ಹೋಗುತ್ತದೆ. 50 ಸಲ ಒತ್ತುವ ಬಾಟಲಿಯಾದರೆ ತಳದಲ್ಲಿ ಔಷಧ ಕಾಣುತ್ತಿದ್ದರೂ ಐವತ್ತರ ನಂತರ ಎಸೆಯಬೇಕು, ಏಕೆಂದರೆ ಆಮೇಲೆ ಬರುವ ಪ್ರಮಾಣಕ್ಕೆ ಖಾತರಿಯಿಲ್ಲ. ದುಬಾರಿ ಔಷಧವನ್ನು ಎಸೆಯಲು ಮನಸ್ಸು ಬಾರದೆ ಇಲ್ಲಿ ಎಡವುವವರು ಹೆಚ್ಚು. ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಕೆಲವು ತಯಾರಿಕೆಗಳನ್ನು ಫ್ರಿಜ್‌ನಲ್ಲೇ ಇಡಬೇಕು, ಕೆಲವನ್ನು ಹೊರಗೆ ಇಡಬಹುದು. ಇದು ತಯಾರಿಕೆಯಿಂದ ತಯಾರಿಕೆಗೆ ಬದಲಾಗುವುದರಿಂದ, ಮೆಡಿಕಲ್ ಶಾಪಿನವರು ಬೇರೆ ಕಂಪನಿಯದನ್ನು ಕೊಟ್ಟಾಗಲೆಲ್ಲ ಪೆಟ್ಟಿಗೆಯೊಳಗಿನ ಚೀಟಿ ಓದಬೇಕು. ರಕ್ತಸ್ರಾವದ ಕಾಯಿಲೆಗಳಿಗೆಂದು ಇದೇ ಔಷಧದ 150 ಮೈಕ್ರೋಗ್ರಾಮಿನ ಸ್ಪ್ರೇಯೂ ಲೋಕದಲ್ಲಿದೆ, ಅಂದರೆ ಹದಿನೈದು ಪಟ್ಟು ಬಲದ್ದು; ಹೆಸರು ಓದಿದರೆ ಸಾಲದು, ಅಂಕಿಯನ್ನೂ ಓದಬೇಕು.

ಸೋಡಿಯಂ ಇಳಿಯುವ ಅಪಾಯ ಸ್ಪ್ರೇಯಲ್ಲಿ ಒಂದು ತೂಕ ಹೆಚ್ಚೇ ಎನ್ನಬೇಕು. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಸ್ಪ್ರೇ ಕೊಟ್ಟು ಫಿಟ್ಸ್ ಬಂದ ಪ್ರಕರಣಗಳ ಬಳಿಕ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಬಳಕೆಯ ಅನುಮತಿಯನ್ನು ಹಿಂತೆಗೆದುಕೊಂಡಿತು. ಡಯಾಬಿಟಿಸ್ ಇನ್ಸಿಪಿಡಸ್‌ಗೆ ಸ್ಪ್ರೇ ಈಗಲೂ ಒಪ್ಪಿತ ಚಿಕಿತ್ಸೆಯೇ, ಆದರೆ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ನುಂಗುವ ಮಾತ್ರೆ

ಬಹುಪಾಲು ವಯಸ್ಕರಿಗೆ ನಾನು ಮೊದಲು ಕೇಳಿನೋಡಿ ಎನ್ನುವುದು ಇದನ್ನೇ. ಮಾತ್ರೆಗಳು 0.1 ಮತ್ತು 0.2 ಮಿಲಿಗ್ರಾಮಿನಲ್ಲಿ ದೊರೆಯುತ್ತವೆ; ಗೆರೆಯಿರುವ ಮಾತ್ರೆಯನ್ನು ಅರ್ಧ ಮಾಡಿ ಡೋಸನ್ನು ಸಣ್ಣ ಹೆಜ್ಜೆಗಳಲ್ಲಿ ಹೊಂದಿಸಬಹುದು. ಸಾಮಾನ್ಯವಾಗಿ 8 ಗಂಟೆಯ ಆಚೀಚೆ ನಿಲ್ಲುವುದರಿಂದ ದಿನಕ್ಕೆ ಎರಡು ಅಥವಾ ಮೂರು ಸಲ ಬೇಕಾಗುತ್ತದೆ. ಇದು ಮೇಲ್ನೋಟಕ್ಕೆ ಕೊರತೆಯೆನಿಸಿದರೂ ನನ್ನ ದೃಷ್ಟಿಯಲ್ಲಿ ಮಾತ್ರೆಯ ಗುಣವೇ: ಒಂದು ಡೋಸಿನ ಪ್ರಭಾವ ಇಳಿದು ಮೂತ್ರ ಮತ್ತೆ ಹೆಚ್ಚಾಗುವುದು ದಿನವೂ ಅನುಭವಕ್ಕೆ ಬರುತ್ತದೆ, ಹಾಗೆ ಹೆಚ್ಚಾದ ಮೇಲೆ ಮುಂದಿನದನ್ನು ನುಂಗಿದರೆ ನೀರು ಒಳಗೆ ಕೂಡಿಹೋಗಲು ಅವಕಾಶವಾಗುವುದಿಲ್ಲ. ನೆಗಡಿಗೂ ಇದಕ್ಕೂ ಸಂಬಂಧವಿಲ್ಲ, ಫ್ರಿಜ್ ಬೇಡ, ಜೇಬಿನಲ್ಲಿಟ್ಟು ತಲಕಾವೇರಿಗೂ ಹೋಗಿಬರಬಹುದು.

ಆದರೆ ಹೊಟ್ಟೆಯ ಮೂಲಕ ಹೋಗುವ ಈ ಔಷಧದಲ್ಲಿ ಶೇ 1ಕ್ಕಿಂತಲೂ ಕಡಿಮೆ ಭಾಗ ಮಾತ್ರ ರಕ್ತ ಸೇರುತ್ತದೆ. ಹೀಗಾಗಿ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ಊಟದ ಜೊತೆಗೆ ನುಂಗಿದರೆ ಹೀರಿಕೆ ಶೇ 40ರಷ್ಟು ಕುಸಿಯಬಹುದು. ನೂಲ್‌ಪುಟ್ಟು ಅಥವಾ ಕಡಂಬುಟ್ಟು ತಿಂದ ಮೇಲೋ ಮೊದಲೋ ಎಂಬುದಕ್ಕಿಂತ, ದಿನವೂ ಒಂದೇ ಕ್ರಮ ಇಟ್ಟುಕೊಳ್ಳುವುದು ಮುಖ್ಯ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಎಂದು ಗೊತ್ತುಮಾಡಿಕೊಂಡರೆ ಬಹುಮಂದಿಗೆ ಹೊಂದುತ್ತದೆ. ಭೇದಿಯಾದಾಗ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಲೋಪೆರಮೈಡ್ ಮಾತ್ರೆಯಿಂದ ಡೆಸ್ಮೋಪ್ರೆಸಿನ್ನಿನ ಹೀರಿಕೆ ಮೂರು ಪಟ್ಟಿನಷ್ಟು ಏರಬಲ್ಲದು. ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್ ಬಗೆಯ ಗುಳಿಗೆಗಳು, ಫಿಟ್ಸ್‌ಗೆ ಕೊಡುವ ಕಾರ್ಬಮಝೆಪಿನ್, ಖಿನ್ನತೆಯ ಕೆಲವು ಔಷಧಗಳು, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್, ಇವು ಯಾವ ರೂಪದ ಡೆಸ್ಮೋಪ್ರೆಸಿನ್ ಜೊತೆಗಿದ್ದರೂ ಸೋಡಿಯಂ ಇಳಿಸುವ ಅಪಾಯವನ್ನು ಹೆಚ್ಚಿಸುತ್ತವೆ.

ವಾಂತಿಯ ದಿನ ಮಾತ್ರೆ ಕೈಕೊಡುತ್ತದೆ. ಅದಕ್ಕೆ ಒಂದು ಸ್ಪ್ರೇ ಬಾಟಲಿಯನ್ನು ತುರ್ತಿಗೆಂದು ಮನೆಯಲ್ಲಿಡುವ ಪದ್ಧತಿಯನ್ನು ವೈದ್ಯರೊಂದಿಗೆ ಮಾತಾಡಿ ರೂಢಿಸಿಕೊಳ್ಳಬಹುದು.

ನಾಲಗೆಯಡಿಯ ಬಿಲ್ಲೆ ಮತ್ತು ಚುಚ್ಚುಮದ್ದು

ನಾಲಗೆಯ ಕೆಳಗೆ ಕರಗುವ ಬಿಲ್ಲೆಗಳು 60, 120 ಮತ್ತು 240 ಮೈಕ್ರೋಗ್ರಾಮಿನಲ್ಲಿ ತಯಾರಾಗುತ್ತವೆ. ಇದರ 60 ಮೈಕ್ರೋಗ್ರಾಂ, ನುಂಗುವ ಮಾತ್ರೆಯ 0.1 ಮಿಲಿಗ್ರಾಮಿಗೆ ಸಮ. ಮಾತ್ರೆ ನುಂಗಲಾರದ ಮಕ್ಕಳಿಗೆ, ಗಂಟಲಿನ ತೊಂದರೆಯಿರುವ ವೃದ್ಧರಿಗೆ ಹಿತಕರ, ನೀರೂ ಬೇಡ. ಆದರೆ ತೇವಕ್ಕೆ ಇದು ಬಲು ಬೇಗ ಸೋಲುತ್ತದೆ. ಹಾಳೆಯನ್ನು ಸುಲಿದು ತೆಗೆದ ಕೂಡಲೇ ಬಾಯಿಗೆ ಹಾಕಬೇಕು, ಒಣ ಕೈಯಿಂದ. ವಾರದ ಡೋಸನ್ನು ಬಿಡಿಸಿ ಡಬ್ಬಿಯ ಖಾನೆಗಳಲ್ಲಿ ಜೋಡಿಸಿಡುವ ಅಭ್ಯಾಸವಿರುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ, ಭಾಗಮಂಡಲ ಕಡೆಯ ಮಳೆ ಸುರಿಯುವ ಆಟಿ ತಿಂಗಳಿನಲ್ಲಂತೂ ಅಲ್ಲವೇ ಅಲ್ಲ. ಸಣ್ಣ ಪೇಟೆಗಳಲ್ಲಿ ಕೇಳಿದ ದಿನವೇ ಸಿಗುವ ವಸ್ತುವೂ ಇದಲ್ಲ, ತರಿಸಿಕೊಡಿ ಎಂದು ಮುಂಚಿತವಾಗಿ ಹೇಳಿಡಬೇಕು.

ಚುಚ್ಚುಮದ್ದು ಮನೆಯ ಆಯ್ಕೆಯಲ್ಲ. ಪ್ರಜ್ಞೆಯಿಲ್ಲದಾಗ, ಶಸ್ತ್ರಚಿಕಿತ್ಸೆಗೆಂದು ಉಪವಾಸವಿದ್ದಾಗ ಆಸ್ಪತ್ರೆಯಲ್ಲಿ ಕೊಡುವಂಥದು. ಅದು ಸ್ಪ್ರೇಗಿಂತ ಸುಮಾರು ಹತ್ತು ಪಟ್ಟು ಬಲದ್ದು, ಹೀಗಾಗಿ 1–2 ಮೈಕ್ರೋಗ್ರಾಮಿನಲ್ಲಿ ಕೆಲಸ ಮುಗಿಯುತ್ತದೆ. ಅದರ ಬಗ್ಗೆ ರೋಗಿ ತಿಳಿದಿರಬೇಕಾದದ್ದು ಒಂದೇ: ಆಸ್ಪತ್ರೆ ಸೇರಿದಾಗ ಈ ಔಷಧ ತಪ್ಪಬಾರದು. 2009ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸೊಂಟದ ಶಸ್ತ್ರಚಿಕಿತ್ಸೆಗೆಂದು ಸೇರಿದ್ದ 22 ವರ್ಷದ ಯುವಕನೊಬ್ಬ, ಔಷಧ ಸಿಗದೆ, ನೀರಿಗಾಗಿ ಪೊಲೀಸರಿಗೆ ಫೋನ್ ಮಾಡಿಯೂ, ನಿರ್ಜಲೀಕರಣದಿಂದ ಸತ್ತ. ಮಡಿಕೇರಿಯ ಜಿಲ್ಲಾಸ್ಪತ್ರೆಗೇ ಸೇರಿ, ಮೈಸೂರಿನ ದೊಡ್ಡ ಆಸ್ಪತ್ರೆಗೇ ಸೇರಿ, ಕಾಯಿಲೆಯ ಹೆಸರು, ಔಷಧ, ಡೋಸ್, ‘ಇದು ಸಕ್ಕರೆ ಕಾಯಿಲೆಯಲ್ಲ’ ಎಂಬ ಸಾಲು ಬರೆದ ಚೀಟಿ ನಿಮ್ಮ ಪರ್ಸಿನಲ್ಲಿರಲಿ, ಮನೆಯವರಿಗೂ ತಿಳಿದಿರಲಿ.

ಹಣದ ಲೆಕ್ಕ

ಬಾಟಲಿಯ ಬೆಲೆಯನ್ನೂ ಮಾತ್ರೆಯ ಹಾಳೆಯ ಬೆಲೆಯನ್ನೂ ಎದುರೆದುರು ಇಟ್ಟರೆ ಏನೂ ಗೊತ್ತಾಗುವುದಿಲ್ಲ. ದಿನದ ಖರ್ಚನ್ನು ನೋಡಬೇಕು. 50 ಡೋಸಿನ ಬಾಟಲಿ ದಿನಕ್ಕೆ ಎರಡು ಸಲ ಬಳಸುವವರಿಗೆ 25 ದಿನ ಬರುತ್ತದೆ, ರಾತ್ರಿ ಒಂದೇ ಸಲ ಬಳಸುವವರಿಗೆ 50 ದಿನ. ಅದೇ ರೀತಿ ಹಾಳೆಯ ಮಾತ್ರೆಗಳನ್ನು ದಿನದ ಸಂಖ್ಯೆಯಿಂದ ಭಾಗಿಸಿ. ಹೋಲಿಸುವಾಗ 10 ಮೈಕ್ರೋಗ್ರಾಂ ಸ್ಪ್ರೇಗೆ ಸುಮಾರು 0.2 ಮಿಲಿಗ್ರಾಂ ಮಾತ್ರೆ ಎಂಬ ಅಂದಾಜು ಹಿಡಿಯಬಹುದು, ಆದರೆ ಇದು ಲೆಕ್ಕಕ್ಕಷ್ಟೇ. ಮನುಷ್ಯರಿಂದ ಮನುಷ್ಯರಿಗೆ ಬಹಳ ವ್ಯತ್ಯಾಸವಾಗುವುದರಿಂದ ಇದನ್ನೇ ನಂಬಿ ಸ್ವಂತವಾಗಿ ಬದಲಿಸಿಕೊಳ್ಳಬಾರದು. ದಿನಕ್ಕೆ ಮೂರು ಸಲ ದೊಡ್ಡ ಡೋಸಿನ ಮಾತ್ರೆ ಬೇಕಾದವರಿಗೆ ಸ್ಪ್ರೇ ಅಗ್ಗವಾಗುವುದುಂಟು. ರಾತ್ರಿ ಅರ್ಧ ಮಾತ್ರೆ ಸಾಕಾಗುವವರಿಗೆ ಮಾತ್ರೆಯೇ ಅಗ್ಗ.

ಕೊಡಗಿನವರು ಇದಕ್ಕೆ ದಾಸ್ತಾನಿನ ಖರ್ಚನ್ನೂ ಸೇರಿಸಬೇಕು. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡವರು, ಮೇ ತಿಂಗಳ ಕೊನೆಗೆ ಕನಿಷ್ಠ ಒಂದು ತಿಂಗಳ ಹೆಚ್ಚುವರಿ ಔಷಧ ಮನೆಯಲ್ಲಿರಬೇಕೆಂದರೆ ಅತಿಯೆನ್ನಲಾರರು. ಹೀಗೆ ಕೂಡಿಡಲು ಫ್ರಿಜ್ ಬೇಡದ ಮಾತ್ರೆ ಎಲ್ಲಕ್ಕಿಂತ ಸುಲಭ.

ಯಾರಿಗೆ ಯಾವುದು

ಲೈನ್ ಮನೆಯಲ್ಲಿದ್ದು ತೋಟದ ಕೆಲಸ ಮಾಡುವವರಿಗೆ ಮಾತ್ರೆ, ದೊಡ್ಡ ಡೋಸನ್ನು ಮಲಗುವ ಮುಂಚೆಗೆ ಇಟ್ಟು. ಮೈಸೂರಿನ ಹಾಸ್ಟೆಲಿನಲ್ಲಿ ಓದುವ ಮಗನಿಗೋ ಮಗಳಿಗೋ ಮಾತ್ರೆಯಾಗಲಿ ಸ್ಪ್ರೇಯಾಗಲಿ ನಡೆಯುತ್ತದೆ. ಅಲ್ಲಿ ಊಟದ ಹೊತ್ತು ಏರುಪೇರಾಗುವುದರಿಂದ ಸ್ಪ್ರೇಗೆ ಸ್ವಲ್ಪ ಮೇಲುಗೈ. ಚಿಕ್ಕ ಮಕ್ಕಳಿಗೆ ಬಿಲ್ಲೆ, ಅದಕ್ಕೂ ಚಿಕ್ಕವರಿಗೆ ತಜ್ಞರು ಹೇಳಿದ್ದೇ. ಗರ್ಭಿಣಿಯರಲ್ಲಿ ಮಾಸು (ಪ್ಲಾಸೆಂಟಾ) ಸ್ರವಿಸುವ ಕಿಣ್ವವೊಂದು ಸಹಜ ವಾಸೊಪ್ರೆಸಿನ್ ಅನ್ನು ಒಡೆಯುತ್ತದೆ, ಡೆಸ್ಮೋಪ್ರೆಸಿನ್ ಅದಕ್ಕೆ ಜಗ್ಗುವುದಿಲ್ಲ. ಆ ಸಮಯದಲ್ಲಷ್ಟೇ ಕಾಣಿಸಿಕೊಂಡ ಕಾಯಿಲೆ ಹೆರಿಗೆಯಾದ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಅರವತ್ತೈದು ದಾಟಿದವರಿಗೆ ಯಾವ ರೂಪವಾದರೂ ಅತಿ ಸಣ್ಣ ಡೋಸಿನಿಂದ ಶುರುವಾಗಬೇಕು; ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದನ್ನು ಕೊಡಬಹುದೇ ಎಂಬುದನ್ನೇ ವೈದ್ಯರು ಮೊದಲು ನಿಶ್ಚಯಿಸಬೇಕು. ಪಿಟ್ಯುಟರಿ ಕಾಯಿಲೆಗಾಗಿ ಹೈಡ್ರೊಕಾರ್ಟಿಸೋನ್ ಕೂಡ ನುಂಗುವವರು ಅದನ್ನು ತಪ್ಪಿಸಿದರೆ ಮೂತ್ರ ಕಡಿಮೆಯಾದಂತೆ ಕಾಣುತ್ತದೆ. ಕಾಯಿಲೆ ವಾಸಿಯಾಯಿತೆಂದು ಅದನ್ನು ಓದಿಕೊಳ್ಳಬಾರದು.

ಯಾವುದನ್ನೇ ಆರಿಸಿದರೂ ನೀರು ಕುಡಿಯುವ ಹಳೆಯ ರೂಢಿ ಬದಲಾಗಬೇಕು. ಚಿಕಿತ್ಸೆಗೆ ಮುಂಚೆ ಚೊಂಬುಗಟ್ಟಲೆ ಕುಡಿದ ಅಭ್ಯಾಸ, ‘ಚೆನ್ನಾಗಿ ನೀರು ಕುಡಿ’ ಎನ್ನುವ ಹಿರಿಯರ ಪ್ರೀತಿ, ಎರಡೂ ಈಗ ಹಗೆಗಳು. ಬಾಯಾರಿದಾಗ, ಬಾಯಾರಿದಷ್ಟೇ ಕುಡಿಯಬೇಕು. ಮದುವೆ ಮನೆಯಲ್ಲಿ ಡೋಸ್ ತೆಗೆದುಕೊಂಡ ಮೇಲೆ ಬಿಯರ್ ಬಾಟಲಿಗಳನ್ನು ಒಂದರ ಹಿಂದೊಂದು ಖಾಲಿ ಮಾಡುವುದೂ ನೀರನ್ನೇ ಅತಿಯಾಗಿ ಕುಡಿದಂತೆ.

ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದಾದರೆ ಹಳೆಯದರ ಪ್ರಭಾವ ಇಳಿದು ಮೂತ್ರ ತಿಳಿಯಾಗಿ ಹೆಚ್ಚಾದ ಮೇಲೆಯೇ ಹೊಸದನ್ನು ಆರಂಭಿಸುವುದು ಕ್ಷೇಮ. ಮೊದಲ ವಾರ ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ಬರೆದಿಡಿ. ಎರಡು ದಿನದಲ್ಲಿ ಒಂದು ಕೆ.ಜಿ. ಏರಿದರೆ ಸುಮಾರು ಒಂದು ಲೀಟರ್ ನೀರು ಒಳಗೆ ನಿಂತಿದೆಯೆಂದು ಎಣಿಸಿ, ಮುಂದಿನ ಡೋಸಿಗೆ ಮೊದಲು ವೈದ್ಯರಿಗೆ ತಿಳಿಸಿ. ಸೋಡಿಯಂ ಪರೀಕ್ಷೆ ಸಾಮಾನ್ಯ ಪ್ರಯೋಗಾಲಯದಲ್ಲೂ ಆಗುವಂಥದು. ಬದಲಾಯಿಸಿದ ಕೆಲವೇ ದಿನಗಳಲ್ಲಿ ಒಮ್ಮೆ, ಕೆಲವು ವಾರಗಳ ಬಳಿಕ ಮತ್ತೊಮ್ಮೆ ಮಾಡಿಸಿ, ಮುಂದಿನ ಪರೀಕ್ಷೆಯ ದಿನವನ್ನು ವೈದ್ಯರಿಂದಲೇ ಬರೆಸಿಕೊಳ್ಳಬೇಕು. ವಾರಕ್ಕೊಮ್ಮೆ ಒಂದು ಡೋಸನ್ನು ಬೇಕೆಂದೇ ತಡಮಾಡಿ, ಕೂಡಿಕೊಂಡ ನೀರು ಹೊರಹೋಗಲು ಬಿಡುವ ಕ್ರಮವನ್ನು ಅನೇಕ ತಜ್ಞರು ಹೇಳಿಕೊಡುತ್ತಾರೆ. ನಿಮ್ಮ ವೈದ್ಯರು ಒಪ್ಪಿದರೆ ಅದಕ್ಕೆ ಮನೆಯಲ್ಲೇ ಇರುವ ಭಾನುವಾರದ ಬೆಳಗನ್ನು ಆರಿಸಿಕೊಳ್ಳಿ, ಬಸ್ಸಿನಲ್ಲಿ ಮೈಸೂರಿಗೆ ಹೊರಡುವ ದಿನವನ್ನಲ್ಲ.